ನಾಲ್ಕು ವಾಷರ್, ಒಂದು ಗುಳ್ಳೆ

ನಾಲ್ಕು ವಾಷರ್. ನಾಲ್ಕೇ ನಾಲ್ಕು. ಅದನ್ನು ಅಷ್ಟು ಜನರ ಎದುರು ಬೆರಳಿಟ್ಟು ಎಣಿಸಬೇಕಿತ್ತಾ?

ಮನೆಗೆ ಬಂದು ಮೂರು ಗಂಟೆಯಾಯಿತು. ಊಟ ಸೇರಲಿಲ್ಲ. ಇವಳು ಎರಡು ಸಲ ಕರೆದು ಸುಮ್ಮನಾದಳು. ನನ್ನ ಹಳೇ ಕಾರಿಗೆ ಜಿಂಕೆ ಗುದ್ದಿದ ಕಥೆ ಮತ್ತೆ ಹೇಳುವುದಿಲ್ಲ, ಹೋದ ಅಕ್ಟೋಬರ್‌ನಿಂದ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಬಲಗಡೆ ಮೂತಿ ಹೋಗಿತ್ತು, ಅಷ್ಟೇ. ನಿಜ ಹೇಳಬೇಕೆಂದರೆ ಜಿಂಕೆ ಬರೀ ನೆಪ. 1966ರ ಫೋರ್ಡ್ ಮಸ್ಟಾಂಗ್‌ನಲ್ಲಿ ಬ್ಯಾಟರಿ ಕೂರುವುದು ಬಲಗಡೆ. ಇಷ್ಟು ವರ್ಷ ಅದರ ಆ್ಯಸಿಡ್ ಸೋರಿ ಸೋರಿ ಏಪ್ರನ್ ಅನ್ನುವ ಒಳಗಿನ ತಗಡು, ಅದರ ಕೆಳಗೆ ಮೂತಿಯ ಭಾರ ಹೊರುವ ಉದ್ದನೆಯ ಫ್ರೇಮ್ ರೈಲು ಎರಡೂ ಹಪ್ಪಳವಾಗಿದ್ದವು. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೈಲು ಹೋದರೆ ಎಲ್ಲ ಹೋದಂತೆ.

ಅದನ್ನು ಬದಲಿಸುವ ಕೆಲಸ ನಾನೇ ಮಾಡಿದೆ. ಮಿಷಿಗನ್ ಚಳಿಯಲ್ಲಿ, ಗ್ಯಾರೇಜಿನಲ್ಲಿ ಮಂಡಿಯೂರಿ, ಒಂದೊಂದೇ ಸ್ಪಾಟ್ ವೆಲ್ಡ್, ಅಂದರೆ ಚುಕ್ಕೆ ಬೆಸುಗೆ, ಕೊರೆದು ಬಿಚ್ಚಿದೆ. ನೂರ ನಲವತ್ತೇಳು. ಎಣಿಸಿದ್ದೇನೆ. ನನಗೂ ಎಣಿಸಲು ಬರುತ್ತದೆ.

ಇವತ್ತು ಅಲೈನ್‌ಮೆಂಟ್‌ಗೆ ಅಂತ ಒಯ್ದಿದ್ದೆ. ಹೆಸರು ಬೇಡ, ಹಳೇ ಗಾಡಿ ಇಟ್ಟುಕೊಂಡವರೆಲ್ಲ ಹೋಗುವ ಜಾಗ. ಅಲ್ಲಿನ ಮೆಕ್ಯಾನಿಕ್ ಗಾಡಿಯನ್ನು ಎತ್ತುವ ರ‍್ಯಾಕ್ ಮೇಲೆ ಹತ್ತಿಸಿದ, ಕಂಪ್ಯೂಟರ್ ನೋಡಿದ, ಬಲಗಡೆ ಚಕ್ರದ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಚ್ಚಿನ ಹಿಂದುಮುಂದಿನ ಓರೆ, ಕೂಡುತ್ತಿಲ್ಲ ಅಂದ. ಶಿಮ್, ಅಂದರೆ ತೆಳು ತಗಡು, ಹಾಕಿ ಸರಿ ಮಾಡಪ್ಪ ಅಂದೆ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಬಾನೆಟ್ ಎತ್ತಿದ. ಫೆಂಡರ್, ಅಂದರೆ ಮಡ್‌ಗಾರ್ಡ್, ಅದರ ಬೋಲ್ಟ್ ಹತ್ತಿರ ಟಾರ್ಚ್ ಬಿಟ್ಟ.

‘ಬಡ್ಡಿ, ಇದನ್ನು ಮಾಡಿದವರು ಯಾರು?’

ಬಡ್ಡಿ ಅಂತೆ. ಅಸಲು ಬೇರೆ ಕಟ್ಟಿದ್ದೇನೆ.

ಇಲ್ಲಿ ನನ್ನ ತಪ್ಪು ಒಂದಿದೆ. ‘ಹಳೇ ಓನರ್ ಮಾಡಿಸಿದ್ದು’ ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ, ಬಾಯಿಗೆ ಬಂತು. ಪಕ್ಕದಲ್ಲಿ ಮಗ ನಿಂತಿದ್ದ. ಹತ್ತು ವರ್ಷ. ‘ಡ್ಯಾಡ್, ನೀನೇ ಮಾಡಿದ್ದಲ್ವಾ?’ ಅಂದ. ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತಾಡೋ ಅಂತ ದಿನಾ ಬಡಿದುಕೊಳ್ಳುತ್ತೇನೆ. ಇವತ್ತೊಂದು ದಿನ ಕೇಳಿದ್ದರೆ ಮಾನ ಉಳಿಯುತ್ತಿತ್ತು.

ಕಾಯುತ್ತಾ ಕೂತಿದ್ದ ಮೂರು ಜನ ತಲೆ ಎತ್ತಿದರು. ಆಗ ಶುರುವಾಯಿತು ಎಣಿಕೆ. ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಒಂದೇ ಸಮ ಕಾಣಲಿ ಅಂತ ಫೆಂಡರ್ ಕೆಳಗೆ ನಾನಿಟ್ಟ ವಾಷರ್‌ಗಳು. ಒಂದು. ಎರಡು. ಮೂರನೆಯದಕ್ಕೆ ಸ್ವಲ್ಪ ನಿಲ್ಲಿಸಿ ನನ್ನ ಮುಖ ನೋಡಿದ. ನಾಲ್ಕು.

ಆಮೇಲೆ ಗೋಡೆಯಿಂದ ಉದ್ದನೆಯ ರಸಮಟ್ಟ ತೆಗೆದ. ನಮ್ಮೂರಲ್ಲಿ ಗಾರೆಯವರ ಕೈಯಲ್ಲಿರುತ್ತದಲ್ಲ, ಅದೇ. ಮೊದಲು ಹಿಂದೆ, ಬಾಗಿಲ ಹತ್ತಿರ, ಎರಡೂ ಕಡೆಗೆ ತಾಗುವ ಹಾಗೆ ಅಡಿಗೆ ಒತ್ತಿ ಹಿಡಿದ. ಗುಳ್ಳೆ ಸರಿಯಾಗಿ ನಡುವೆ. ಮಗನನ್ನು ಕರೆದು ತೋರಿಸಿದ. ಆಮೇಲೆ ಮುಂದೆ, ರೈಲುಗಳ ತುದಿಗೆ ಹಿಡಿದ. ಗುಳ್ಳೆ ಡ್ರೈವರ್ ಕಡೆಗೆ, ಇಲ್ಲಿ ಅದು ಎಡಗಡೆ, ಓಡಿತು. ಓಡಿ ಮೂಲೆ ಸೇರಿ ಅಲ್ಲೇ ಕೂತಿತು. ಅಂದರೆ ಬಲಗಡೆ ರೈಲು ಜೋತಿದೆ. ಅರ್ಧ ಇಂಚಿಗೆ ಸ್ವಲ್ಪ ಕಡಿಮೆ.

‘ನಿಮ್ಮ ರ‍್ಯಾಕೇ ಓರೆ ಇರಬಹುದು’ ಅಂದೆ.

ಹಿಂದುಗಡೆ ಸರಿ ಇದ್ದದ್ದನ್ನು ಆಗ ತಾನೇ ಕಣ್ಣಾರೆ ನೋಡಿದ್ದೆ. ಆದರೂ ಅಂದೆ. ಅವನು ಒಂದು ಮಾತೂ ಆಡದೆ ರಸಮಟ್ಟವನ್ನು ರ‍್ಯಾಕ್ ಮೇಲೆ ಇಟ್ಟ. ಇಟ್ಟು ಕೈ ಕಟ್ಟಿ ನಿಂತ. ನೋಡಬೇಕಾದ ಅಗತ್ಯವೇ ಇರಲಿಲ್ಲ, ನೋಡಿದೆ. ಕೂತವರಲ್ಲಿ ಒಬ್ಬ ಕೆಮ್ಮಿದ. ಅದು ಕೆಮ್ಮಲ್ಲ.

ಅಳತೆ ಮಾಡದೆ ವೆಲ್ಡ್ ಮಾಡಿದ್ದೇನೆ ಅಂದುಕೊಳ್ಳಬೇಡಿ. ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಹಿಡಿದಿದ್ದೆ. ಈ ಕಡೆಯದಕ್ಕೂ ಆ ಕಡೆಯದಕ್ಕೂ ಇಂಚಿನ ಹದಿನಾರನೇ ಒಂದು ಭಾಗ ಮಾತ್ರ ವ್ಯತ್ಯಾಸ. ಫೋಟೋ ಇದೆ. ಟೇಪ್ ಸಮೇತ ಇದೆ. ಅದನ್ನೂ ಅವನಿಗೆ ತೋರಿಸಿದೆ. ‘ಇದು ಚೌಕ ಇದೆಯಾ ಅಂತ ಹೇಳುತ್ತೆ, ಎತ್ತರ ಹೇಳಲ್ಲ’ ಅಂದ. ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ. ಸರಿ, ನಿಜವೇ. ನಿಜ ಅಂತ ಹಾಗೆ ಹೇಳಬೇಕಾ?

ದಾವಣಗೆರೆಯಲ್ಲಿ ನನ್ನ ಸೋದರಮಾವ ಟಿಂಕರಿಂಗ್ ಮಾಡುತ್ತಿದ್ದರು. ಅಂಬಾಸಿಡರ್ ಮೂತಿ ಒಳಗೆ ಹೋಗಿದ್ದರೆ ಹುಣಸೆ ಮರಕ್ಕೆ ಸರಪಳಿ ಬಿಗಿದು ಎಳೆಯುತ್ತಿದ್ದರು. ಒಂದು ಕಣ್ಣು ಮುಚ್ಚಿ ನೋಡಿ ‘ಹ್ಞೂಂ, ಬಂತು’ ಅನ್ನುತ್ತಿದ್ದರು. ಬಂದಿರುತ್ತಿತ್ತು! ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು, ಮಾವನ ರಕ್ತ ನನ್ನಲ್ಲೂ ಹರಿಯುತ್ತಿದೆ ಅಂದುಕೊಂಡು ಎಂಟು ನೂರು ಡಾಲರ್ ಕೊಟ್ಟು ವೆಲ್ಡಿಂಗ್ ಮೆಷಿನ್ ತಂದೆ. ಹೋದ ವರ್ಷದವರೆಗೆ ನಾನು ಬೆಸುಗೆ ಹಾಕಿದ್ದು ಒಂದು ಹೆಡ್‌ಫೋನ್ ವೈರಿಗೆ. ಅದೂ ನಿಲ್ಲಲಿಲ್ಲ.

ಈಗ ನಗಬೇಡಿ, ಉತ್ತರ ಹೇಳಿ. ಬಲ್ಲವರು ಯಾರಾದರೂ. ರೈಲು ಪೂರ್ತಿ ಬಿಚ್ಚಬೇಕಾ? ಶಾಕ್ ಅಬ್ಸಾರ್ಬರ್ ಕೂರುವ ಟವರ್‌ನಿಂದ ಮುಂದಿನ ವೆಲ್ಡ್ ಮಾತ್ರ ಕೊರೆದು, ತುದಿ ಎತ್ತಿ, ಮತ್ತೆ ಹಾಕಿದರೆ ನಡೆಯುತ್ತಾ? ‘ಬಾಡಿ ಶಾಪಿಗೆ ಕೊಡಿ’ ಅನ್ನುವವರು ದಯವಿಟ್ಟು ಸುಮ್ಮನಿರಿ, ಮನೆಯಲ್ಲೇ ಒಬ್ಬರು ಅನ್ನುತ್ತಿದ್ದಾರೆ. ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯ ಡ್ರೀಮ್ ಕ್ರೂಸ್, ಹಳೇ ಕಾರುಗಳ ಮೆರವಣಿಗೆ. ಈ ಗಾಡಿಯ ಫ್ಯಾಕ್ಟರಿ ನಂಬರಿನಲ್ಲಿ ಎರಡನೇ ಅಕ್ಷರ ಎಫ್. ಅಂದರೆ ಡಿಯರ್‌ಬಾರ್ನ್‌ನ ಫೋರ್ಡ್ ಕಾರ್ಖಾನೆಯಲ್ಲಿ ತಯಾರಾದದ್ದು, ನಮ್ಮ ಮನೆಯಿಂದ ಅರ್ಧ ಗಂಟೆ. ತವರೂರಿನ ಜಾತ್ರೆಗೆ ಅದನ್ನು ಕರೆದೊಯ್ಯಬೇಕು ಅಂತಿದ್ದೆ. ಹೋಗಲಿ ಬಿಡಿ. ಯಾವ ಜಾತ್ರೆಯೂ ಬೇಡ. ಮಾರಿಬಿಡುತ್ತೇನೆ. ಯಾರು ಕೊಳ್ಳುತ್ತಾರೆ, ಮೂತಿ ಜೋತ ಗಾಡಿ? ಮಾರಲ್ಲ.

ಇದನ್ನು ಬರೆಯುತ್ತಾ ಬರೆಯುತ್ತಾ ಒಂದು ನೆನಪಾಯಿತು. ಫೆಬ್ರವರಿಯಲ್ಲಿ ಹೊಸ ರೈಲನ್ನು ಕ್ಲ್ಯಾಂಪ್ ಹಾಕಿ ಹಿಡಿಸಿದ ದಿನ ತುದಿಗೆ ಹೈಡ್ರಾಲಿಕ್ ಜಾಕ್ ಕೊಟ್ಟಿದ್ದೆ. ಎತ್ತರ ಅಳೆದಿದ್ದೆ! ಆ ರಾತ್ರಿ ಸರಿ ಇತ್ತು. ಕೈ ಮರಗಟ್ಟಿತ್ತು, ನಾಳೆ ವೆಲ್ಡ್ ಮಾಡೋಣ ಅಂತ ಮಲಗಿದೆ. ಬೆಳಿಗ್ಗೆ ಎದ್ದು ಅಡ್ಡ ಅಳತೆ ಮಾತ್ರ ನೋಡಿ ಶುರು ಹಚ್ಚಿಕೊಂಡೆ.

ಈಗ ತಾನೇ ಕೆಳಗೆ ಹೋಗಿ ಬಂದೆ. ಒಂಬತ್ತು ಗಂಟೆಗೆ ಅದೇ ಜಾಕನ್ನು ಅದೇ ರೈಲಿನ ಕೆಳಗೆ ಕೊಟ್ಟು, ಜಾಕಿನ ಎತ್ತುವ ಕಡ್ಡಿಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಬಂದಿದ್ದೆ. ಹನ್ನೊಂದಾಗಿದೆ. ಗೆರೆ ಕಾಣುತ್ತಿಲ್ಲ, ಒಳಗೆ ಹೋಗಿದೆ.

ಈ ದರಿದ್ರ ಜಾಕಿನ ರಶೀದಿ ಎಲ್ಲಿಟ್ಟೆ?