ಸತ್ಯಾಂಶ: ಎಫ್‌ಐಆರ್ ಇಲ್ಲದಿದ್ದರೂ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು

"ಅತ್ಯಾಚಾರವಾದರೆ ಮೊದಲು ಠಾಣೆಗೆ ಹೋಗಿ, ಎಫ್‌ಐಆರ್ ಪ್ರತಿ ಇಲ್ಲದೆ ಯಾವ ಆಸ್ಪತ್ರೆಯೂ ಮುಟ್ಟುವುದಿಲ್ಲ" ಎಂಬ ಸಂದೇಶ ಹಾಸನ, ಸಕಲೇಶಪುರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನ ಪ್ರಕಾರ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಂದು ಆಸ್ಪತ್ರೆಯೂ ಸಂತ್ರಸ್ತೆಗೆ ತಕ್ಷಣವೇ ಉಚಿತ ಚಿಕಿತ್ಸೆ ನೀಡಬೇಕು. ಪೊಲೀಸರಿಗೆ ವಿಷಯ ಮುಟ್ಟಿಸುವ ಹೊಣೆಯೂ ಆಸ್ಪತ್ರೆಯದೇ ಹೊರತು ಆಕೆಯದಲ್ಲ. ಚಿಕಿತ್ಸೆ ನಿರಾಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಈ ಸಂದೇಶದ ನಿಜವಾದ ಅಪಾಯವಿರುವುದು ಕಳೆದುಹೋಗುವ ಸಮಯದಲ್ಲಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ತುರ್ತು ಗರ್ಭನಿರೋಧಕ ಮಾತ್ರೆಯೂ ಬೇಗ ತೆಗೆದುಕೊಂಡಷ್ಟೂ ಫಲಕಾರಿ. ಕಾಫಿ ತೋಟದ ಲೈನ್‌ಮನೆಯಿಂದ ಬಸ್ಸು ಹಿಡಿದು ಪಟ್ಟಣಕ್ಕೆ ಬರುವುದರಲ್ಲೇ ಅರ್ಧ ದಿನ ಕಳೆಯುವ ಹೆಣ್ಣುಮಗಳನ್ನು ಮತ್ತೆ ಠಾಣೆಯ ಬೆಂಚಿನ ಮೇಲೆ ಕೂರಿಸುವುದೆಂದರೆ ಈ ಗಂಟೆಗಳನ್ನೇ ಕಸಿದುಕೊಂಡಂತೆ.

ಬಟ್ಟೆ ಬದಲಿಸದೆ, ಸ್ನಾನ ಮಾಡದೆ ಹೋದರೆ ಸಾಕ್ಷ್ಯಕ್ಕೆ ಒಳ್ಳೆಯದು ನಿಜ, ಆದರೆ ಸ್ನಾನವಾಗಿದ್ದರೂ ಹೋಗಲೇಬೇಕು. ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕು. ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಇನ್ನು, ಹಲವರು ಹೆದರುವ, ಯೋನಿಯೊಳಗೆ ಬೆರಳು ಹಾಕಿ ನೋಡುವ 'ಎರಡು ಬೆರಳಿನ ಪರೀಕ್ಷೆ'ಯನ್ನು ಮಾಡಲೇಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.