ಇಂಟರ್ನೆಟ್‌ನ ಒಗಟುಗಳನ್ನು ಬಿಡಿಸಲೇಬೇಕಾ?

2024 ಇಂಟರ್ನೆಟ್ ಒಗಟುಗಳಿಗೆ ಸುಗ್ಗಿಯ ವರ್ಷ. ವರ್ಷಗಟ್ಟಲೆ ಕಾಡಿದ್ದ ಒಂದು ಹಾಡು, ಒಂದು ಫೋಟೊ, ಬಟ್ಟೆಯ ಮೇಲೆ ಅಚ್ಚಾಗಿದ್ದ ಒಂದು ಮುಖ, ಎಲ್ಲದರ ಗುಟ್ಟೂ ಆ ಒಂದೇ ವರ್ಷದಲ್ಲಿ ರಟ್ಟಾಯಿತು. ಹುಡುಕಿದವರು ಕುಣಿದಾಡಿದರು. "ಅಯ್ಯೋ, ಇಷ್ಟೇನಾ?" ಅಂತ ಮುಖ ಸಪ್ಪೆ ಮಾಡಿಕೊಂಡವರೂ ಇದ್ದರು. ನಾನು ಎರಡೂ ಗುಂಪಿನಲ್ಲಿದ್ದೆ. ಹಾಗಾಗಿ ಇಬ್ಬರ ಪರವಾಗಿಯೂ ನಾನೇ ವಕಾಲತ್ತು ಹಾಕುತ್ತಿದ್ದೇನೆ.

ಪರ: ಹುಡುಕಲೇಬೇಕು

ರೇಡಿಯೊದಿಂದ ಹಾಡು ಟೇಪ್ ಮಾಡಿಕೊಂಡವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಒಂದು ಬೆರಳು ಸದಾ ಬಟನ್ ಮೇಲೆ. ಹಾಡು ಶುರುವಾದ ಕೂಡಲೇ ರೆಕಾರ್ಡ್, ನಿರೂಪಕರು ಬಾಯಿ ತೆರೆದ ಕೂಡಲೇ ಸ್ಟಾಪ್. ಹಾಡು ಸಾಕು, ಮಾತು ಬೇಡ. 1984ರ ಹೊತ್ತಿಗೆ ಜರ್ಮನಿಯ ಹುಡುಗನೊಬ್ಬ ಎನ್‌ಡಿಆರ್ ರೇಡಿಯೊ ಮುಂದೆ ಕೂತು ಮಾಡಿದ್ದೂ ಇದನ್ನೇ. ಮಾತು ಕತ್ತರಿಸಿದ. ಅದರ ಜೊತೆ ಹಾಡಿನ ಹೆಸರೂ ಹೋಯಿತು.

2007ರಲ್ಲಿ ಅವನ ಸೋದರಿ ಆ ಹಾಡಿನ ತುಣುಕನ್ನು ಇಂಟರ್ನೆಟ್‌ಗೆ ಹಾಕಿ, ಇದು ಯಾರದ್ದು ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. 2019ರಲ್ಲಿ ಬ್ರೆಜಿಲ್‌ನ ಹುಡುಗನೊಬ್ಬ ಅದನ್ನು ರೆಡ್ಡಿಟ್ ಅನ್ನುವ ಚರ್ಚಾತಾಣದಲ್ಲಿ, ಯೂಟ್ಯೂಬ್‌ನಲ್ಲಿ ಹಂಚಿದ ಮೇಲೆ ಊರೂರಿನ ಜನ ಬೆನ್ನು ಹತ್ತಿದರು. ಅವರ ತಾಳ್ಮೆ ನೋಡಿ. ಈ ಕೀಬೋರ್ಡ್ ಸದ್ದು ಯಮಾಹಾ ಡಿಎಕ್ಸ್7ನದ್ದು ಇರಬೇಕು, ಅದು ಬಂದದ್ದೇ 1983ರಲ್ಲಿ, ಅಂದಮೇಲೆ ಹಾಡು ಅದಕ್ಕಿಂತ ಹಳೆಯದಲ್ಲ ಅಂತ ಒಬ್ಬರ ಲೆಕ್ಕ. ಧ್ವನಿಯ ಗ್ರಾಫ್ ತೆಗೆದು, 10 ಕಿಲೋಹರ್ಟ್ಸ್ ಹತ್ತಿರ ಕಾಣುವ ಸಣ್ಣ ಗೆರೆ ಎನ್‌ಡಿಆರ್ ಪ್ರಸಾರದ ಗುರುತು ಅಂತ ಇನ್ನೊಬ್ಬರು. ಸಂಬಳವಿಲ್ಲ, ಬಹುಮಾನವಿಲ್ಲ. ಸುಮ್ನೆ ಹುಚ್ಚು.

ಕೊನೆಗೆ ದಾರಿ ತೋರಿಸಿದ್ದು ಹಳೇ ಪೇಪರ್. ಎನ್‌ಡಿಆರ್ ಆಗ ಹೋರ್‌ಫೆಸ್ಟ್ ಅಂತ ಬ್ಯಾಂಡ್‌ಗಳ ಸ್ಪರ್ಧೆ ನಡೆಸುತ್ತಿತ್ತು. ಅದರಲ್ಲಿ ಭಾಗವಹಿಸಿದವರನ್ನು ಹುಡುಕುತ್ತಾ ಪತ್ರಿಕೆ ತಿರುವಿದ ಒಬ್ಬನಿಗೆ ಕೀಲ್ ಪಟ್ಟಣದ ಫೆಕ್ಸ್ ಅನ್ನುವ ಬ್ಯಾಂಡ್ ಸಿಕ್ಕಿತು. ಬ್ಯಾಂಡ್‌ನವರೊಬ್ಬರನ್ನು ಪತ್ತೆ ಹಚ್ಚಿ, ನಿಮ್ಮ ಹಳೇ ಹಾಡು ಇದ್ದರೆ ಕಳಿಸಿ ಅಂದ. ಬಂದವುಗಳಲ್ಲಿ ಅದೂ ಇತ್ತು. 2024ರ ನವೆಂಬರ್‌ನಲ್ಲಿ ಜಗತ್ತಿಗೆ ಹೆಸರು ತಿಳಿಯಿತು: 'ಸಬ್‌ವೇಸ್ ಆಫ್ ಯುವರ್ ಮೈಂಡ್'. ತಮ್ಮ ಹಾಡಿಗಾಗಿ ಇಷ್ಟು ಜನ ನಿದ್ದೆ ಕೆಟ್ಟಿದ್ದಾರೆ ಅನ್ನುವುದೇ ಬ್ಯಾಂಡ್‌ನವರಿಗೆ ಗೊತ್ತಿರಲಿಲ್ಲ.

ಒಗಟು ಒಗಟಾಗಿಯೇ ಇದ್ದರೆ ಚೆಂದ ಅನ್ನುವವರು ಒಮ್ಮೆ ಅವರ ಎದುರು ನಿಂತು ಹೇಳಲಿ: "ನೀವು ಯಾರು ಅಂತ ಗೊತ್ತಿಲ್ಲದಾಗಲೇ ಹಾಡು ಚೆನ್ನಾಗಿತ್ತು ಸ್ವಾಮಿ." ಹೇಳೋಕಾಗುತ್ತಾ?

ಹುಡುಕಾಟದ ಕೊನೆ ಯಾವಾಗಲೂ ಇಷ್ಟು ಗೌರವಸ್ಥವಾಗಿರುತ್ತದೆ ಅಂತಲ್ಲ. 2021ರಲ್ಲಿ ಬಂದ 17 ಸೆಕೆಂಡಿನ ಇನ್ನೊಂದು ತುಣುಕಿನ ಮೂಲ 2024ರ ಏಪ್ರಿಲ್‌ನಲ್ಲಿ ಸಿಕ್ಕಿತು. ಎಲ್ಲಿ? 1986ರ ಒಂದು ನೀಲಿ ಚಿತ್ರದಲ್ಲಿ. ಆದರೂ ಸಿಕ್ಕಿತಲ್ಲ! ಅದನ್ನು ಮಾಡಿದ ಅಣ್ಣತಮ್ಮಂದಿರಿಗೆ ಅವರ ಹಾಡು ಮರಳಿ ಸಿಕ್ಕಿತು.

ವಿರೋಧ: ಬೆಟ್ಟ ಅಗೆದು ಇಲಿ ಹಿಡಿದರು

ಆ ಹಳದಿ ಕೋಣೆಯ ಫೋಟೊ ನೀವೂ ನೋಡಿರಬಹುದು. ಬ್ಯಾಕ್‌ರೂಮ್ಸ್ ಅಂತ ಹೆಸರು. ಖಾಲಿ ಕೋಣೆ, ಮಾಸಲು ಹಳದಿ ಗೋಡೆ, ಚಾವಣಿಯಲ್ಲಿ ಟ್ಯೂಬ್‌ಲೈಟ್, ಮೂಲೆ ತಿರುಗಿದರೆ ಇನ್ನೊಂದು ಅಂಥದ್ದೇ ಕೋಣೆ. 2019ರಲ್ಲಿ 4ಚಾನ್ ಅನ್ನುವ ವೆಬ್‌ಸೈಟ್‌ನಲ್ಲಿ ಅದರ ಕೆಳಗೆ ಯಾರೋ ನಾಲ್ಕು ಸಾಲು ಬರೆದರು: ಕಾಲು ಜಾರಿ ಈ ಲೋಕದಿಂದ ಆಚೆ ಬಿದ್ದರೆ ಇಲ್ಲಿಗೆ ಬರುತ್ತೀರಿ. ಹಸಿ ಕಾರ್ಪೆಟ್‌ನ ವಾಸನೆ, ದೀಪಗಳ ಗುಂಯ್ ಸದ್ದು, 60 ಕೋಟಿ ಚದರ ಮೈಲಿ ಖಾಲಿ ಕೋಣೆಗಳು. ನಾನು ಮೊದಲು ಓದಿದ್ದು ರಾತ್ರಿ ಒಂದು ಗಂಟೆಗೆ, ಹಾಸಿಗೆಯಲ್ಲಿ. ಎದ್ದು ಹಾಲ್‌ನ ಲೈಟ್ ಹಾಕಿ ಬಂದೆ.

2024ರಲ್ಲಿ ವಿಳಾಸ ಸಿಕ್ಕಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರು. ಹಿಂದೆ ಪೀಠೋಪಕರಣದ ಅಂಗಡಿ ಇದ್ದ ಕಟ್ಟಡ. ಆಟಿಕೆ, ಹವ್ಯಾಸದ ಸಾಮಾನಿನ ಅಂಗಡಿ ಮಾಡಲು ರಿಪೇರಿ ನಡೆಯುತ್ತಿದ್ದಾಗ 2002ರಲ್ಲಿ ತೆಗೆದ ಫೋಟೊ ಅದು. ಅಂತ್ಯವಿಲ್ಲದ ಲೋಕ ಅಂದುಕೊಂಡಿದ್ದರೆ, ಗಾರೆ ಕೆಲಸದ ಲೆಕ್ಕಕ್ಕೆ ತೆಗೆದಿಟ್ಟ ಚಿತ್ರ. ಈಗ ಅದನ್ನು ನೋಡಿದರೆ ನನಗೆ ಕಾಣುವುದು ಬಾಡಿಗೆಗಿರುವ ಮಳಿಗೆ. ಯಾರಿಗೆ ಏನು ಲಾಭವಾಯಿತು?

ನನ್ನ ರಾತ್ರಿಯ ಪುಳಕ ಹೋಗಿದ್ದು ದೊಡ್ಡ ವಿಷಯವಲ್ಲ ಬಿಡಿ. ನಿಜವಾದ ತಕರಾರು ಬೇರೆ. ಹಾಡು ಹುಡುಕುವ ಗುಂಪಿಗೂ ಮನುಷ್ಯರನ್ನು ಹುಡುಕುವ ಗುಂಪಿಗೂ ನಡುವೆ ಗೋಡೆಯೇನೂ ಇಲ್ಲ. ಅದೇ ಜೂಮ್ ಮಾಡುವುದು, ಅದೇ ಕೆಂಪು ವೃತ್ತ ಎಳೆಯುವುದು, ಅದೇ "ನಾನೇ ಮೊದಲು ಕಂಡುಹಿಡಿದೆ" ಅನ್ನುವ ಖುಷಿ. ಶುರುವಿನಲ್ಲಿ ಹೇಳಿದ ಆ ಮುಖ, ಪರದೆ ಬಟ್ಟೆಯ ಮೇಲೆ ಅಚ್ಚಾಗಿದ್ದದ್ದು, ಅದರ ವಿಷಯದಲ್ಲೂ ಅದು ಯಾರದ್ದು ಅಂತ ಉತ್ತರ ತಂದವನನ್ನೇ ಮೊದಲು ಎಐ ಫೋಟೊ ಮಾಡಿದ ಸುಳ್ಳುಗಾರ ಅಂದರು. ಅವನು ತಂದದ್ದು ಸರಿಯಿತ್ತು.

2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ರೆಡ್ಡಿಟ್‌ನಲ್ಲಿ ಕೂತವರು ಫೋಟೊ ಹೋಲಿಸಿ, ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನೇ ಬಾಂಬ್ ಇಟ್ಟವನು ಅಂತ ತೀರ್ಮಾನಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಕೆಲವು ಪತ್ರಕರ್ತರೂ ಹೌದು ಹೌದು ಅಂದರು. ಮಗನನ್ನು ಹುಡುಕಿಕೊಡಿ ಅಂತ ಮನೆಯವರು ಮಾಡಿದ್ದ ಫೇಸ್‌ಬುಕ್ ಪುಟದ ತುಂಬ ಬೈಗುಳ. ಆ ಪುಟವನ್ನೇ ಅವರು ತೆಗೆಯಬೇಕಾಯಿತು. ಕೆಲವು ದಿನದ ಮೇಲೆ ಹುಡುಗನ ಶವ ನದಿಯಲ್ಲಿ ಸಿಕ್ಕಿತು. ಬಾಂಬಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ರೆಡ್ಡಿಟ್ ಕ್ಷಮೆ ಕೇಳಿತು.

ಅದೇ ವರ್ಷ ಲಾಸ್ ಏಂಜಲೀಸ್‌ನ ಸೆಸಿಲ್ ಹೋಟೆಲ್‌ನಲ್ಲಿ ಕೆನಡಾದ ಯುವತಿಯೊಬ್ಬಳು ಚಾವಣಿಯ ನೀರಿನ ಟ್ಯಾಂಕಿನಲ್ಲಿ ಶವವಾಗಿ ಸಿಕ್ಕಳು. ಲಿಫ್ಟ್‌ನಲ್ಲಿ ಅವಳು ವಿಚಿತ್ರವಾಗಿ ಆಡುವ ವಿಡಿಯೊ ಜಗತ್ತೆಲ್ಲ ಸುತ್ತಿತು. ಅದರ ಬೆನ್ನಿಗೆ ಅಂತೆ ಕಂತೆಗಳ ಸಂತೆ. ಯಾರೋ ಒಬ್ಬ ಮೆಟಲ್ ಸಂಗೀತಗಾರನ ಹಳೇ ವಿಡಿಯೊ ತೆಗೆದು, ಇವನು ಅದೇ ಹೋಟೆಲ್‌ನಲ್ಲಿದ್ದ, ಇವನ ಹಾಡಿನಲ್ಲಿ ಸಾವಿನ ಮಾತಿದೆ, ಇವನೇ ಕೊಂದವನು ಅಂದರು. ಆತ ಅಲ್ಲಿ ತಂಗಿದ್ದದ್ದು ಒಂದು ವರ್ಷ ಮೊದಲು. ಅವಳು ಸತ್ತಾಗ ಮೆಕ್ಸಿಕೊದಲ್ಲಿದ್ದ. ಅದು ಆಕಸ್ಮಿಕ ಸಾವು ಅಂತ 2013ರಲ್ಲೇ ವರದಿ ಬಂತು. ಆಮೇಲೂ ಜನ ಅವನನ್ನು ಕೊಲೆಗಾರ ಅಂತ ಕರೆಯುವುದು ನಿಲ್ಲಿಸಲಿಲ್ಲ.