ಅಜ್ಜನ ರಿವಾಲ್ವರಿಗೆ ಒಂದು ಸ್ಪ್ರಿಂಗ್ ಬೇಕಾಗಿದೆ

ಚುನಾವಣೆಯ ಮಾತು ಶುರುವಾಯಿತು ಅಂದರೆ ಮಲೆನಾಡಿನಲ್ಲಿ ಅಭ್ಯರ್ಥಿಗಳು ಮನೆಗೆ ಬರುತ್ತಾರೆ, ಮನೆಯ ಕೋವಿ ಠಾಣೆಗೆ ಹೋಗುತ್ತದೆ. 2023ರ ವಿಧಾನಸಭೆಗೆ ಹೋಗಿ ಬಂತು. 2024ರ ಲೋಕಸಭೆಗೆ ಮತ್ತೆ ಹೋಗಿ ಬಂತು. ಎಲ್ಲರ ಆಯುಧವನ್ನೂ ಸಾರಾಸಗಟಾಗಿ ಇಡಿಸಿಕೊಳ್ಳಬೇಡಿ ಅಂತ ಅಲಹಾಬಾದ್ ಹೈಕೋರ್ಟ್ 2024ರ ಮಾರ್ಚ್‌ನಲ್ಲೇ ಹೇಳಿದೆ. ಚುನಾವಣಾ ಆಯೋಗದ ಸೂಚನೆಯೂ ಅಂಥದ್ದೇ. ಜಿಲ್ಲೆಗೊಂದು ಸಮಿತಿ ಕೂರಬೇಕು. ಜಾಮೀನಿನ ಮೇಲೆ ಹೊರಗಿರುವವರು, ಗಲಭೆಯಲ್ಲಿ ಹೆಸರು ಬಂದವರು ಯಾರು ಅಂತ ನೋಡಿ, ಅಂಥವರದ್ದನ್ನು ಇಡಿಸಿಕೊಳ್ಳಬೇಕು. ಆದರೆ ಒಬ್ಬೊಬ್ಬರನ್ನೇ ನೋಡುತ್ತಾ ಕೂರೋದು ಕಷ್ಟ ಅಲ್ವಾ? ಎಲ್ಲರ ಮೇಲೂ ಅನುಮಾನಪಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಸಮಾನತೆಯೂ ಆಯಿತು.

ಹೀಗೆ ಠಾಣೆಗೆ ಹೋಗಿಬರುವ ಭಯಂಕರ ಆಯುಧಗಳ ಸಾಲಿನಲ್ಲಿ ತೀರ್ಥಹಳ್ಳಿ ಕಡೆಯ ನನ್ನ ಗೆಳೆಯನ ಮನೆಯ ರಿವಾಲ್ವರೂ ಒಂದು. ಅದರ ಸ್ಪ್ರಿಂಗ್ ಮುರಿದಿದೆ. ಟ್ರಿಗರ್ ಒತ್ತಿದರೆ ಒತ್ತಿದ ಕಡೆಗೇ ಹೋಗಿ ಸುಮ್ನೆ ಕೂರುತ್ತದೆ, ವಾಪಸ್ ಬರೋದಿಲ್ಲ. ಪ್ರಜಾಪ್ರಭುತ್ವಕ್ಕೆ ಇದರಿಂದ ಇರುವ ಒಂದೇ ಅಪಾಯ ಎಂದರೆ ಯಾರದಾದರೂ ಕಾಲಿನ ಮೇಲೆ ಬೀಳುವುದು.

ಅಜ್ಜನಿಗೆ ಇದನ್ನು ದೊರೆ ಕೊಟ್ಟಿದ್ದಂತೆ. ನಾನು ಗಮನಿಸಿದ ಹಾಗೆ ಕರ್ನಾಟಕದ ಯಾವ ಹಳೇ ಮನೆಯಲ್ಲೂ ಅಜ್ಜ ದುಡ್ಡು ಕೊಟ್ಟು ರಿವಾಲ್ವರ್ ಕೊಂಡಿಲ್ಲ. ಒಂದೋ ದೊರೆ ಕೊಟ್ಟಿರಬೇಕು, ಇಲ್ಲ ಮಹಾರಾಜರು. ಹುಲಿ ಹೊಡೆದದ್ದಕ್ಕೆ, ಇಲ್ಲವೇ ದೊರೆಯ ಹೆಂಡತಿಯನ್ನು ಹೊಳೆಯಿಂದ ಎತ್ತಿದ್ದಕ್ಕೆ. ಅಷ್ಟೊಂದು ದೊರೆಸಾನಿಯರು ನಮ್ಮ ಹೊಳೆಗಳಿಗೆ ಬಿದ್ದಿದ್ದು ನಿಜವಾದರೆ ಬ್ರಿಟಿಷರು 1947ರವರೆಗೆ ಉಳಿದದ್ದೇ ಆಶ್ಚರ್ಯ.

ಇರಲಿ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಹಾಗೇ ಆ ಸ್ಪ್ರಿಂಗನ್ನೂ ಹಾಕಿಸಬೇಕು ಅಂತ ಗೆಳೆಯ ಹೊರಟ. ಗುಂಡು ಹಾರಿಸುವ ಆಸೆ ಏನಿಲ್ಲ. ಅಜ್ಜನ ವಸ್ತು ಸರಿಯಾಗಿರಲಿ ಅಂತ. ಯಾವ ಭಾಗ ಬೇಕು ಅಂತ ಹೇಳಬೇಕಾದರೆ ಯಾವ ರಿವಾಲ್ವರ್ ಅಂತ ಗೊತ್ತಿರಬೇಕಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಹಳೇ ಗುಮಾಸ್ತರೊಬ್ಬರು ಚೆಂದದ ಅಕ್ಷರದಲ್ಲಿ 'ವೆಬ್ಲಿ, ಆರು ಗುಂಡು' ಅಂತ ಬರೆದಿದ್ದಾರೆ. ಸಿಲಿಂಡರಿನಲ್ಲಿ ಇರೋದು ಐದು ತೂತು. ಇಷ್ಟು ವರ್ಷ ಪುಸ್ತಕಕ್ಕೆ ಮೊಹರು ಒತ್ತುತ್ತಾ ಬಂದವರಲ್ಲಿ ಯಾರೂ ಐದರವರೆಗೆ ಎಣಿಸಿಲ್ಲ.

ಬ್ರಿಟಿಷ್ ಸೈನ್ಯಕ್ಕೆಂದು ಇಂಗ್ಲೆಂಡಿನ ವೆಬ್ಲಿ ಕಂಪನಿ 1887ರಿಂದ ಕೊಟ್ಟ ರಿವಾಲ್ವರುಗಳು ನಡು ಮುರಿದ ಹಾಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತವೆ. ಇದು ಬಾಗೋದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಬಾಗಿಲಿದೆ, ಅದರಲ್ಲಿ ಒಂದೊಂದೇ ತೋಟಾ ತುಂಬಬೇಕು. ಮೋಟು ನಳಿಕೆ. ಮೇಲ್ಗಡೆ 'ಬ್ರಿಟಿಷ್ ಬುಲ್‌ಡಾಗ್' ಅಂತ ಕೆತ್ತಿದೆ. ಮನೆಯವರೆಲ್ಲ ಅದನ್ನೇ ತೋರಿಸಿ "ನೋಡಿ, ದೊರೆ ಕೊಟ್ಟಿದ್ದು ಅನ್ನೋದಕ್ಕೆ ಸಾಕ್ಷಿ" ಅನ್ನುತ್ತಿದ್ದರು. ಬುಲ್‌ಡಾಗ್ ಮೊದಲು ತಂದದ್ದು ವೆಬ್ಲಿಯವರೇ, 1872ರಲ್ಲಿ. ಆದರೆ ಅದನ್ನು ನಕಲು ಮಾಡಿ ರಾಶಿ ರಾಶಿ ಮಾರಿದ್ದು ಬೆಲ್ಜಿಯಂನ ಲಿಯೇಜ್ ಊರಿನವರು. ಇದರ ಸಿಲಿಂಡರಿನ ಮೇಲೆ ಒಂದು ಸಣ್ಣ ಮೊಟ್ಟೆಯಾಕಾರದ ಗುರುತು ಇದೆ. ಒಳಗೆ ಇ, ಎಲ್, ಜಿ ಅನ್ನುವ ಮೂರು ಅಕ್ಷರ, ಕೆಳಗೊಂದು ನಕ್ಷತ್ರ. ಅದು ಲಿಯೇಜಿನ ಪರೀಕ್ಷಾ ಮೊಹರು. ಅಲ್ಲಿ ತಯಾರಾದ ಬಂದೂಕನ್ನೆಲ್ಲ ಹಾರಿಸಿ ನೋಡಿ, ಸಿಡಿಯದಿದ್ದರೆ ಒತ್ತುವ ಮುದ್ರೆ. 1893ರಿಂದ ಈಚೆಗೆ ಅದರ ತಲೆಯ ಮೇಲೆ ಒಂದು ಕಿರೀಟವೂ ಬಂತು. ನಮ್ಮದಕ್ಕೆ ಕಿರೀಟ ಇಲ್ಲ. ಹಾಗಾದರೆ ಅದಕ್ಕಿಂತ ಹಳೆಯದು. ಅಜ್ಜ ಹುಟ್ಟುವ ಮೊದಲೇ ತಯಾರಾದ ಬೆಲ್ಜಿಯಂ ನಕಲು. ದೊರೆಯೇ ಕೊಟ್ಟಿದ್ದರೆ, ದೊರೆ ಜಿಪುಣ.

ಭಾಗದ ವಿಷಯ ಕೇಳಿ. ಲಿಯೇಜಿನಲ್ಲಿ ಇವನ್ನು ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ, ಮನೆಗಳಲ್ಲಿ, ಕೈಯಲ್ಲಿ ಅರ ಹಿಡಿದು ಉಜ್ಜಿ ಕೂರಿಸುತ್ತಿದ್ದರು. ಒಂದರ ಸ್ಪ್ರಿಂಗ್ ಇನ್ನೊಂದಕ್ಕೆ ಕೂರುತ್ತದೆ ಅನ್ನುವ ಭರವಸೆ ಇಲ್ಲ. ಹೊಸದಾಗಿ ಮಾಡಿಸಬೇಕು. ಒಂದು ಬೆರಳುದ್ದದ ಉಕ್ಕಿನ ಪಟ್ಟಿ. ನಮ್ಮೂರಿನ ಗ್ಯಾರೇಜಿನವನು ಚಹಾ ಕುಡಿಯುವಷ್ಟರಲ್ಲಿ ಬಗ್ಗಿಸಿ ಕೊಟ್ಟಾನು. ಕೊಟ್ಟರೆ ಜೈಲಿಗೆ ಹೋದಾನು. 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧದ ಭಾಗವೂ ಆಯುಧವೇ. ಮಾಡೋದಕ್ಕೆ, ಮಾರೋದಕ್ಕೆ, ರಿಪೇರಿಗೆ ಎಲ್ಲದಕ್ಕೂ ಲೈಸೆನ್ಸ್ ಬೇಕು. ಹೊರದೇಶದಿಂದ ತರಿಸೋದಕ್ಕೆ ಇನ್ನೊಂದು.

ಅದೇ ಕಾಯ್ದೆಯ ಅದೇ ವಾಕ್ಯದಲ್ಲಿ ಒಂದು ಮುತ್ತಿದೆ, ಹೇಳದೆ ಮುಂದೆ ಹೋಗಲಾರೆ. ಯಾವುದು ಆಯುಧ ಅಲ್ಲ ಅಂತಲೂ ಅಲ್ಲಿ ಬರೆದಿದ್ದಾರೆ. ಬರೀ ಮನೆಬಳಕೆಗೆ ಅಥವಾ ಕೃಷಿಗೆ ಅಂತ ಮಾಡಿದ ವಸ್ತುಗಳು ಆಯುಧ ಅಲ್ಲ. ಉದಾಹರಣೆಗೆ ಏನು ಕೊಟ್ಟಿದ್ದಾರೆ ಹೇಳಿ? ಲಾಠಿ! ಲಾಠಿ ಮತ್ತು ಊರುಗೋಲು. ರೈತರು ರಸ್ತೆ ತಡೆದಾಗ ಅವರ ಬೆನ್ನಿಗೆ ಬೀಳೋದು ಕೃಷಿ ಉಪಕರಣ ಅಂತ ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ಇದಕ್ಕೆ ಸಬ್ಸಿಡಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಬೇಕು.

ಹಾಗಂತ ಕಾನೂನಿಗೆ ಹಳೇ ವಸ್ತುಗಳ ಮೇಲೆ ಕರುಣೆ ಇಲ್ಲ ಅಂತಲ್ಲ. 45ನೇ ಸೆಕ್ಷನ್ ಇದೆ. ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಹಾರದಂಥದ್ದು, ಈ ಕಾಯ್ದೆಯ ಹಿಡಿತಕ್ಕೆ ಬರೋದಿಲ್ಲ. ಎಷ್ಟು ಒಳ್ಳೆಯ ಮಾತು! ರಿಪೇರಿ ಮಾಡಿದರೂ ಹಾರೋದಿಲ್ಲ ಅಂತ ತೋರಿಸಬೇಕಾದರೆ ಯಾರಾದರೂ ರಿಪೇರಿ ಮಾಡಿ ನೋಡಬೇಕು. ಅದಕ್ಕೆ ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಸಿಕ್ಕಿ ಹಾರಿಬಿಟ್ಟರೆ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಕಾದರೆ ಅದು ಯಾವ ರಿವಾಲ್ವರ್ ಅಂತ ಹೇಳಬೇಕು. ಪುಸ್ತಕದಲ್ಲಿ ವೆಬ್ಲಿ, ಕೈಯಲ್ಲಿ ಬೆಲ್ಜಿಯಂ.

ವಾರಸುದಾರರ ಒಪ್ಪಿಗೆ ಬೇರೆ. ಉಳಿದ ವಾರಸುದಾರರೆಲ್ಲ ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಬೇಕು. ಅಡಿಕೆ ತೋಟದಲ್ಲಿ ಪಾಲೇ ಬೇಡ ಅಂದಿದ್ದ ಅಕ್ಕ ಇಲ್ಲಿ ಪಟ್ಟು ಹಿಡಿದಳು. "ಅಪ್ಪಯ್ಯ ನಂಗೂ ಅಪ್ಪಯ್ಯ ಅಲ್ವೇನೋ? ತೋಟ ಯಾರಿಗೆ ಬೇಕು, ಪಿಸ್ತೂಲು ಅಂದ್ರೆ ಬೇರೆ." ಕೊನೆಗೆ ಅಮ್ಮನ ಅವಲಕ್ಕಿ ಸರ ಕೊಟ್ಟು ಸಹಿ ಹಾಕಿಸಿಕೊಂಡ. ಆಮೇಲೆ 2016ರ ನಿಯಮದಂತೆ ಆಯುಧ ಬಳಕೆಯ ತರಬೇತಿಗೆ ಓಡಿದ. ಹಾರದ ರಿವಾಲ್ವರನ್ನು ಸುರಕ್ಷಿತವಾಗಿ ಹಾರಿಸುವುದು ಹೇಗೆ ಅಂತ ಈಗ ಅವನಿಗೆ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಆದ ಮೇಲೆ ಕಚೇರಿಯಲ್ಲಿ ಕಂಪ್ಯೂಟರ್ ನಿಂತಿತು. "ಸಾರ್, ಇಲ್ಲಿ ಆಯುಧದ ನಂಬರ್ ಹಾಕಬೇಕು." ನಂಬರ್ ಇಲ್ಲ. "ಇಲ್ಲದೆ ಹೇಗೆ ಸಾರ್, ಹಾಕದೆ ಮುಂದಕ್ಕೆ ಹೋಗಲ್ಲ ಇದು." ಒಂದನ್ನು ನಾವೇ ಕೆತ್ತಿಸಲಾ ಅಂತ ಗೆಳೆಯ ಕೇಳಿದ. ಕೇಳಬಾರದಿತ್ತು. ಗುಮಾಸ್ತ ಕುರ್ಚಿ ಹಿಂದಕ್ಕೆ ಸರಿಸಿದನಂತೆ.

ನಕ್ಕಿದ್ದು ಸಾಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆ ಕೊಂದರು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ನಡುವಿನ ಎರಡು ವರ್ಷ ಆ ಪಿಸ್ತೂಲು ಎಲ್ಲೋ ಒಂದು ಕಡೆ ಇತ್ತು. ಯಾರ ಕೈಯಲ್ಲೋ, ಯಾವ ಚೀಲದಲ್ಲೋ. ಅದರ ನಂಬರನ್ನು ಯಾವ ಕಂಪ್ಯೂಟರೂ ಕೇಳಲಿಲ್ಲ. ಅದಕ್ಕೆ ಯಾವ ಅಕ್ಕನ ಸಹಿಯೂ ಬೇಕಾಗಲಿಲ್ಲ. ಬಂದೂಕಿನ ಮೇಲೆ ಬಿಗಿ ಬೇಡ ಅಂತ ನಾನು ಹೇಳ್ತಾ ಇಲ್ಲ. ಬೇಕು, ಈಗಿರೋದಕ್ಕಿಂತ ಜಾಸ್ತಿ ಬೇಕು. ಆದರೆ ಠಾಣೆಯ ಬಾಗಿಲಲ್ಲಿ ಟವೆಲ್ಲಿನಲ್ಲಿ ಕೋವಿ ಸುತ್ತಿಕೊಂಡು ಸಾಲು ನಿಂತವರನ್ನು ಎಣಿಸಿ ಎಣಿಸಿ ಯಾರನ್ನು ಹಿಡಿಯುತ್ತೀರಿ? ಅವರು ತಾವಾಗೇ ಬಂದವರು. ಬೇಸರ ಆಗುತ್ತದೆ, ಅಷ್ಟೇ.

ಫೈಲು ಈಗ ಎಲ್ಲಿದೆ ಅಂತ ಕೇಳಿದಿರಾ? ನಂಬರ್ ಇಲ್ಲ ಅನ್ನುವುದಕ್ಕೆ ತಯಾರಕರಿಂದ ಒಂದು ಪತ್ರ ತನ್ನಿ ಅಂದಿದ್ದಾರೆ. ಯಾವ ತಯಾರಕ ಅಂತ ರಿವಾಲ್ವರಿನ ಮೇಲೆ ಬರೆದಿಲ್ಲ. ಆದರೆ ಮೊಹರು ಒತ್ತಿದ ಲಿಯೇಜಿನ ಪರೀಕ್ಷಾ ಕೇಂದ್ರ 1672ರಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿದೆ. ಅವರಿಗೇ ಬರೆದರಾಯಿತು ಅಂತ ಗೆಳೆಯ ಹುಮ್ಮಸ್ಸಿನಲ್ಲಿದ್ದ. ಯಾವುದಕ್ಕೂ ಇರಲಿ ಅಂತ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಬಂದ. ಪತ್ರ ಫ್ರೆಂಚಿನಲ್ಲಿ ಬಂದರೆ ಕನ್ನಡಕ್ಕೆ ಮಾಡಿಸಿ, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ಮೂರು ಪ್ರತಿ ಕೊಡಬೇಕಂತೆ.

"ತಾಲ್ಲೂಕಿನಲ್ಲಿ ಫ್ರೆಂಚ್ ಬರುವ ಗೆಜೆಟೆಡ್ ಅಧಿಕಾರಿ ಯಾರಾದ್ರೂ ಇದ್ದಾರಾ ಮಾರಾಯ?" ಅಂತ ನಿನ್ನೆ ಫೋನ್ ಮಾಡಿದ್ದ. ಪಶುವೈದ್ಯರನ್ನು ಕೇಳಿ ನೋಡು ಅಂದಿದ್ದೇನೆ.